ಬೀಳಿಸಿದ ಮರದ ಎಣ್ಣೆ

ಎಣ್ಣೆ ಬಿಸಿಯಾಗುವ ವಾಸನೆಗೆ ಸದೋಕ್‌ಗೆ ಎಚ್ಚರವಾಯಿತು. ಎಚ್ಚರವಾದದ್ದು ಎದೆಯಿಂದ ಮೇಲಕ್ಕೆ ಮಾತ್ರ. ಅದರ ಕೆಳಗಿನದೆಲ್ಲ ಯಾರೋ ಬಿಟ್ಟುಹೋದ ಸಾಮಾನಿನಂತೆ ಹೊದಿಕೆಯಡಿಯಲ್ಲಿ ತನ್ನ ಪಾಡಿಗೆ ತಾನು ಬಿದ್ದಿತ್ತು. ಅಡುಗೆಮನೆಯಿಂದ ಅಮ್ಮನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಇವತ್ತು ಹೇಳಿಬಿಡಬೇಕು. ಅಮ್ಮಾ, ಎಣ್ಣೆ ಬೇಡ. ಇಷ್ಟೇ ಮಾತು, ಒಂದು ಉಸಿರಿಗೆ ಮುಗಿಯುವಂಥದು. ಕೇಂದ್ರದಲ್ಲಿ ವ್ಯಾಯಾಮ ಮಾಡಿಸುವ ರಾವಿಯಾ ಮೊದಲ ದಿನವೇ ಹೇಳಿದ್ದಳು: ಕಾಲಿಗೆ ಮುಲಾಮು, ಎಣ್ಣೆ, ಏನನ್ನೂ ಹಚ್ಚಬಾರದು, ಚರ್ಮಕ್ಕೆ ಪ್ಯಾಡು ಗಟ್ಟಿಯಾಗಿ ಅಂಟಿಕೊಂಡರೇ ಕರೆಂಟು ಒಳಗಿಳಿಯುವುದು, ಕರೆಂಟು ಇಳಿದರೇ ಮಲಗಿದ ಕಾಲು ಪೆಡಲ್ ತುಳಿಯುವುದು. ಆಗ ಅವನು ತಲೆಯಾಡಿಸಿದ್ದ. ಮಾರನೆಯ ಬೆಳಿಗ್ಗೆ ಅಮ್ಮ ಎಣ್ಣೆಬಟ್ಟಲು ಹಿಡಿದು ಬಂದು, ಹಚ್ಚಲಾ ಎಂದಾಗಲೂ ತಲೆಯಾಡಿಸಿದ್ದ. ಎರಡು ಕಡೆಗೂ ತಲೆಯಾಡಿಸುತ್ತ ಚಳಿಗಾಲ ಕಳೆದುಹೋಗಿತ್ತು.

ಅಮ್ಮ, ಮಬ್ರೂಕಾ, ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಬಂದಳು. ತಾಮ್ರದ ಬಟ್ಟಲನ್ನು ಮಣೆಯ ಮೇಲಿಟ್ಟು, ಹೊದಿಕೆ ಸರಿಸಿ, ಬಿಸ್ಮಿಲ್ಲಾ ಎಂದು ಅಂಗೈ ತುಂಬ ಎಣ್ಣೆ ತೆಗೆದುಕೊಂಡಳು. ಸದೋಕ್ ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡರೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಕೈಯಿಲ್ಲ, ಎಣ್ಣೆಯಿಲ್ಲ, ತೊಡೆಯಿಲ್ಲ, ಅಮ್ಮನ ಏದುಸಿರು ಮಾತ್ರ. ತೆರೆದರೆ ಮೀಸೆ ನರೆತ ಮಗನ ಬತ್ತಲೆ ಕಾಲನ್ನು ಮುದುಕಿಯೊಬ್ಬಳು ಕೂಸಿನ ಕಾಲಿನಂತೆ ನೀವುತ್ತಿರುವುದು ಕಾಣುತ್ತಿತ್ತು. ಅವಳು ಮಾತಾಡುತ್ತಿದ್ದುದೂ ಅವನ ಜೊತೆಗಲ್ಲ, ಕಾಲುಗಳ ಜೊತೆಗೆ. "ಏಳ್ರೋ ಸೋಮಾರಿಗಳಾ, ಇನ್ನೂ ಎಷ್ಟು ಅಂತ ಮಲಗ್ತೀರಾ? ಬಲಗಡೆಯೋನೇ, ನೀನು ದೊಡ್ಡೋನು. ನೀನು ಎದ್ರೆ ಅವನೂ ಏಳ್ತಾನೆ." ಆ ಎಣ್ಣೆ ಅಂಗಡಿಯದಲ್ಲ. ಊರಾಚೆ ಅವರಿಗಿದ್ದ ಒಂದಿಷ್ಟು ಆಲಿವ್ ಮರಗಳಲ್ಲಿ ಒಂದೇ ಒಂದು ಮರದ ಕಾಯಿಯನ್ನು ಬೇರೆಯಾಗಿ ಕೀಳಿಸಿ, ಗಾಣದವನು ಗೊಣಗಿದರೂ ಬಿಡದೆ ಬೇರೆಯಾಗಿ ಅರೆಸಿ, ಬೇರೆ ಜಾಡಿಯಲ್ಲಿ ಇಟ್ಟುಕೊಂಡದ್ದು. ಸದೋಕ್‌ನನ್ನು ಬೀಳಿಸಿದ ಮರ ಅದು. ಏಣಿಯ ತುದಿಯಲ್ಲಿ ನಿಂತು, ಬೆರಳುಗಳಿಗೆ ಆಡಿನ ಕೊಂಬು ತೊಟ್ಟು, ಕೊಂಬೆಗಳನ್ನು ಬಾಚುತ್ತಿದ್ದ, ಕೆಳಗೆ ಹಾಸಿದ ಬಲೆಯ ಮೇಲೆ ಕಾಯಿ ಉದುರುವ ಸದ್ದು ಹಿತವಾಗಿತ್ತು, ಏಣಿ ಜರುಗಿತು. ಆಮೇಲೆ ಕಾಯಿಗಳ ನಡುವೆ ಮಲಗಿಕೊಂಡು ಬೆರಳುಗಳಲ್ಲಿ ಇನ್ನೂ ಇದ್ದ ಕೊಂಬುಗಳನ್ನು ನೋಡುತ್ತಿದ್ದ, ಒಂದೂ ಬಿದ್ದಿಲ್ಲವಲ್ಲ ಎಂದು ಆಶ್ಚರ್ಯಪಡುತ್ತ. "ಬೀಳಿಸಿದವನೇ ಎತ್ತಬೇಕು," ಎಂದಿದ್ದಳು ಅಮ್ಮ. ಅದು ಅವಳ ಕಾನೂನು. ಅದಕ್ಕೆ ಮೇಲ್ಮನವಿ ಇರಲಿಲ್ಲ.

"ಅಮ್ಮಾ," ಎಂದ.

"ಏನು ಮಗಾ? ನೋವಾಯ್ತಾ?" ಎಂದಳು ಅವಳು ತಟ್ಟನೆ, ಅಷ್ಟು ಆಸೆಯಿಂದ, ಕೈ ಗಾಳಿಯಲ್ಲೇ ನಿಲ್ಲಿಸಿ.

"ಇಲ್ಲ. ಏನಿಲ್ಲ."

ನೋವಾಯಿತೇ ಎಂದು ಇಷ್ಟು ಆಸೆಯಿಂದ ಕೇಳುವವಳಿಗೆ ನಿನ್ನ ಎಣ್ಣೆಯೇ ಕೆಡಿಸುತ್ತಿದೆ ಎಂದು ಹೇಗೆ ಹೇಳುವುದು? ಆಸ್ಪತ್ರೆಯಲ್ಲಿ ವೈದ್ಯರು ಬೆನ್ನುಹುರಿಯ ಚಿತ್ರ ತೋರಿಸಿ, ಇನ್ನು ಈ ಕಾಲು ಮೇಲಿನ ಮಾತು ಕೇಳುವುದಿಲ್ಲ ಎಂದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಎರಡು ಕೈಯನ್ನೂ ಮುಂದೆ ಚಾಚಿ, ಇದರಿಂದ ನಾನೇನು ಮಾಡಲಿ ಹೇಳಿ ಎಂದು ಕೇಳಿದ್ದಳು. ಯಾರೂ ಏನೂ ಹೇಳಲಿಲ್ಲ. ಯಾರೂ ಹೇಳದೆ ಇದ್ದದ್ದನ್ನು ತಾನೇ ಹುಡುಕಿಕೊಂಡವಳಿಂದ ಅದನ್ನು ಕಿತ್ತುಕೊಳ್ಳಲು ಸದೋಕ್‌ಗೆ ಬಾಯಿ ಬರಲಿಲ್ಲ. ಅದಕ್ಕೇ ಅವಳು ರೊಟ್ಟಿ ತರಲು ಬೀದಿಗಿಳಿದ ಕೂಡಲೇ ದಿಂಬಿನಡಿಯ ಒದ್ದೆ ಟವೆಲ್ಲು ತೆಗೆದು, ಕಳ್ಳನಂತೆ, ಕೈಗೆಟುಕಿದಷ್ಟು ಒರೆಸುತ್ತಿದ್ದ. ಎಣ್ಣೆಯ ಮೇಲೆ ನೀರು ಹನಿಹನಿಯಾಗಿ ನಿಂತು ಜಾರಿಹೋಗುತ್ತಿತ್ತು. ಇಷ್ಟು ಕಾಲದ ಎಣ್ಣೆ ಕುಡಿದ ಚರ್ಮ ಹೊಳೆಯುತ್ತಿತ್ತು, ಆರೋಗ್ಯವಂತನ ಚರ್ಮದ ಹಾಗೆ. ಇವತ್ತು ಹೆಚ್ಚು ಹೊತ್ತು ತಿಕ್ಕಿದ. ಇವತ್ತು ಕಡೆಯ ಪರೀಕ್ಷೆ.

ಕೇಂದ್ರದ ವ್ಯಾನು ಬಂದಾಗ ಅಮ್ಮನೂ ಕಪ್ಪು ಚೀಲ ಹಿಡಿದು ಹತ್ತಿದಳು. ಬೇಡವೆಂದರೂ ಕೇಳಲಿಲ್ಲ. ವ್ಯಾನು ಹಳೇಪೇಟೆಯ ಕೋಟೆಗೋಡೆಯ ಬದಿಗೆ ಸಿಕ್ಕಿಕೊಂಡು ನಿಂತಿತು. ಸ್ಫಾಕ್ಸ್ ಊರಿನ ಮೊಪೆಡ್‌ಗಳೆಲ್ಲ ಒಂದೇ ಸಲ ಅದೇ ಬಾಗಿಲಿಗೆ ನುಗ್ಗುತ್ತಿದ್ದವು. ಒಳಗಿನಿಂದ ಕೈಗಾಡಿ ತಳ್ಳುವವನೊಬ್ಬ "ಬಾಲೆಕ್! ಬಾಲೆಕ್!" ಎಂದು ಕೂಗುತ್ತ ಬಂದ. ಜರುಗಿ, ದಾರಿ ಬಿಡಿ. ಆ ಕೂಗು ಒಂದು ಕಾಲಕ್ಕೆ ಸದೋಕ್‌ನದೇ ಆಗಿತ್ತು. ಮೊಪೆಡ್‌ಗೆ ಗಾಡಿ ಕಟ್ಟಿಕೊಂಡು, ಬಟ್ಟೆಯ ಗಂಟುಗಳನ್ನು ಏರಿಸಿಕೊಂಡು, ಆ ಸಂದಿಗಳಲ್ಲಿ ಅವನು ಬಾಲೆಕ್ ಎಂದರೆ ಕಸೂತಿ ಅಂಗಡಿಯವರು ಮುಂಗಟ್ಟಿನ ಮಣೆಗಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಈಗ ಅದನ್ನು ಎಲ್ಲರೂ ಅವನಿಗೆ ಕೂಗುತ್ತಾರೆ. ಔಷಧಿ ಅಂಗಡಿಯಲ್ಲಿ, ಮಸೀದಿಯ ಬಾಗಿಲಲ್ಲಿ, ಸ್ವಂತ ಮನೆಯ ಓಣಿಯಲ್ಲಿ, ಕುರ್ಚಿ ಎಲ್ಲಿ ನಿಂತರೂ ಅದು ಯಾರದೋ ದಾರಿ. ಕೆಲವರು ಮೆತ್ತಗೆ ಹೇಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಒಮ್ಮೆ ಮದುವೆಮನೆಯಲ್ಲಿ ಯಾರೋ ಏನೂ ಹೇಳದೆ ಕುರ್ಚಿಯ ಹಿಡಿ ಹಿಡಿದು ಅವನನ್ನು ಗೋಡೆಯ ಬದಿಗೆ ಸರಿಸಿಟ್ಟು ಹೋಗಿದ್ದರು, ಮೇಜನ್ನು ಸರಿಸಿದಂತೆ, ಮಾತಿನ ಮಧ್ಯದಲ್ಲಿ. ಅವನು ಗೋಡೆಗೆ ಮುಖ ಮಾಡಿಕೊಂಡು ಆ ಮಾತನ್ನು ಪೂರ್ತಿ ಮಾಡಿದ್ದ.

ವ್ಯಾಯಾಮದ ಕೋಣೆಯಲ್ಲಿ ರಾವಿಯಾ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ತನ್ನ ಗಾಲಿಕುರ್ಚಿಯಲ್ಲಿ ಮೊಂಜಿ, ಒಂದು ಕಾಲದ ಬಾಡಿಗೆ ಟ್ಯಾಕ್ಸಿಯ ಚಾಲಕ, ಬಾಯಿಗೆ ಬೀಗವಿಲ್ಲದ ಮನುಷ್ಯ. ಕಿಟಕಿಯ ಆಚೆ ಅಂಗಳದಲ್ಲಿ ಅದು ನಿಂತಿತ್ತು: ಮೂರು ಚಕ್ರದ ಕೆಂಪು ಸೈಕಲ್ಲು, ಒರಗಿ ಕೂರುವ ಸೀಟು, ಕಾಲನ್ನು ಪಟ್ಟಿ ಬಿಗಿದು ಕೂರಿಸುವ ಪೆಡಲ್ಲು. ಅದಕ್ಕೆ ಮೋಟಾರಿಲ್ಲ. ಇರುವುದು ಒಂದೇ, ಆದ್ದರಿಂದ ಸದ್ಯಕ್ಕೆ ಒಬ್ಬರಿಗೆ. ಒಳಗಿನ ನಿಂತಲ್ಲೇ ತಿರುಗುವ ಸೈಕಲ್ಲಿನಲ್ಲಿ ಯಾರ ಕಾಲು ಮೋಟಾರಿನ ಹಂಗಿಲ್ಲದೆ ತುಳಿಯುತ್ತದೋ ಅವರಿಗೆ ಅದು. ಮೊದಲ ಸರದಿ ಸದೋಕ್‌ನದು. ಇವತ್ತು ಆಗದಿದ್ದರೆ ಮೊಂಜಿಗೆ.

"ಬಾರಯ್ಯಾ," ಎಂದ ಮೊಂಜಿ, "ಆಗ್ಲಿಲ್ಲ ಅಂದ್ರೆ ಬೇಗ ಹೇಳ್ಬಿಡು. ನಾನು ಹಾರನ್ ಕೊಂಡ್ಕೋಬೇಕು."

ಸದೋಕ್ ನಕ್ಕ. ನಗು ಒಳಕ್ಕೆ ಇಳಿಯಲಿಲ್ಲ. ಒಳಗಿನ ಆ ಸೈಕಲ್ಲಿನಲ್ಲಿ ಅವನು ಒಂದು ಸಲ ಗೆದ್ದಿದ್ದ, ಸುಳ್ಳು ಗೆಲುವು. ಅಂದೂ ಅಮ್ಮ ಬಂದಿದ್ದಳು. ಅದರ ಕ್ರಮವೇ ಹಾಗೆ, ಮೊದಲು ಮೋಟಾರು ಪೆಡಲ್ಲನ್ನು ತಿರುಗಿಸುತ್ತದೆ, ಪೆಡಲ್ಲಿಗೆ ಕಟ್ಟಿದ ಕಾಲು ಅದರೊಂದಿಗೆ ತಿರುಗುತ್ತದೆ. ಆಮೇಲೆ ಕರೆಂಟು ತೊಡೆಗೂ ಪೃಷ್ಠಕ್ಕೂ ಒಂದಾದ ಮೇಲೊಂದು ಚುರುಕು ಮುಟ್ಟಿಸಿದಾಗ ಸ್ನಾಯು ಬಿಗಿದು ಕಾಲೇ ತುಳಿಯತೊಡಗುತ್ತದೆ, ಮೋಟಾರು ಹಿಂದೆ ಸರಿಯುತ್ತದೆ. ಅಂದು ಮೋಟಾರು ಸರಿದೇ ಇರಲಿಲ್ಲ. ಪರದೆಯ ಮೇಲೆ ಕಾಲಿನ ಪಾಲು ಸೊನ್ನೆಯ ಹತ್ತಿರ ಒದ್ದಾಡುತ್ತಿತ್ತು. ಬಾಗಿಲಲ್ಲಿ ನಿಂತ ಅಮ್ಮ ಮಗನ ಮೊಣಕಾಲು ಏರಿಳಿಯುವುದನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಮದುವೆಮನೆಯ ಹೆಂಗಸರಂತೆ ನಾಲಿಗೆಯಾಡಿಸಿ ಕೂಗು ಹಾಕಿಬಿಟ್ಟಳು. ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ರಾವಿಯಾ ಅವನ ಮುಖ ನೋಡಿದಳು, ಅವನು ನೆಲ ನೋಡಿದ. ಆ ಸಂಜೆ ಖರ್ಜೂರ ತುಂಬಿದ ಸಿಹಿತಿಂಡಿ ಮಕ್ರೂಡ್ ಓಣಿಯ ಎಲ್ಲ ಮನೆಗೂ ಹೋಯಿತು. ಈದ್‌ಗೆ ನಡೆದುಕೊಂಡೇ ಬರುತ್ತಾನೆ ನೋಡಿ ಎಂದರು ಜನ. ಅವನ ಪಾಲಿನ ಮಕ್ರೂಡ್ ಗಂಟಲಲ್ಲಿ ಇವತ್ತಿನವರೆಗೂ ಕೂತಿತ್ತು. ಒಂದು ನಿಜವಾದ ಸುತ್ತು ಬೇಕಿತ್ತು ಅವನಿಗೆ. ಆ ಕೂಗಿನ ಸಾಲ ತೀರಿಸಲು ಒಂದೇ ಒಂದು.

ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ರಾವಿಯಾ ಪ್ಯಾಡುಗಳನ್ನು ಅಂಟಿಸಿದಳು, ಹೊಚ್ಚ ಹೊಸವು. ಹಳೆಯವು ಸರಿಯಿಲ್ಲವೇನೋ ಎಂದು ಪಾಪ ಮತ್ತೆ ಮತ್ತೆ ತರಿಸುತ್ತಿದ್ದಳು. ಮೋಟಾರು ಗುಂಯ್ ಎಂದಿತು, ಕಾಲುಗಳು ತಿರುಗತೊಡಗಿದವು. ಕರೆಂಟು ಏರಿಸಿದಳು. ಬಲತೊಡೆಯಲ್ಲಿ ಏನೋ ಮಿಸುಕಿತು, ಚರ್ಮದ ಕೆಳಗೆ ಇಲಿ ಓಡಿದಷ್ಟು. ಇನ್ನೂ ಏರಿಸಿದಳು. ಸದೋಕ್ ತನ್ನ ತೊಡೆಯನ್ನು ದಿಟ್ಟಿಸಿ ನೋಡುತ್ತಿದ್ದ. ತುಳಿ, ಎಂದು ಮನಸ್ಸಿನಲ್ಲೇ ಹೇಳಿದ, ಅಮ್ಮನ ದನಿಯಲ್ಲೇ, ಏಳ್ರೋ ಸೋಮಾರಿಗಳಾ. ಅವನ ಕಣ್ಣೆದುರೇ ಪ್ಯಾಡಿನ ಒಂದು ಮೂಲೆ ಮೆಲ್ಲಗೆ ಎದ್ದು, ಸುರುಳಿಕೊಂಡಿತು. "ಈಗ ಮೋಟಾರು ತೆಗೀತೀನಿ," ಎಂದಳು ರಾವಿಯಾ. ತೆಗೆದಳು. ಪೆಡಲ್ಲು ಅರ್ಧ ದಾರಿ ಹೋಗಿ ನಿಂತಿತು.

"ನೋಡಿ ಸದೋಕ್ ಅವ್ರೇ," ಎಂದಳು ರಾವಿಯಾ ಕೊನೆಗೆ, "ಕೆಲವರ ಸ್ನಾಯು ನಿಧಾನಕ್ಕೆ... ಕೆಲವರದು ಹೇಳೋಕೆ ಆಗಲ್ಲ. ನಿಮ್ಮ ತಪ್ಪು ಅಂತಲ್ಲ." ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಅವಳು ಒಳ್ಳೆಯವಳು, ಇಲ್ಲ ಎಂದು ಹೇಳಲು ಬಾರದವಳು.

ಇಲ್ಲಿಗೆ ಮುಗಿಯಿತು ಎಂದುಕೊಂಡ ಸದೋಕ್, ಮುಗಿದದ್ದಕ್ಕೆ ಒಂದು ಬಗೆಯ ನೆಮ್ಮದಿಯೂ ಆಯಿತು, ಆ ನೆಮ್ಮದಿಗೆ ನಾಚಿಕೆಯೂ ಆಯಿತು. ಇನ್ನು ಹೇಳಬೇಕಾದ್ದಿಲ್ಲ. ಅಮ್ಮನ ಎಣ್ಣೆ ಅಮ್ಮನಿಗೆ, ಕೆಂಪು ಸೈಕಲ್ಲು ಮೊಂಜಿಗೆ, ಗೋಡೆಯ ಬದಿ ತನಗೆ. ಮೊಂಜಿ ಕುರ್ಚಿ ಉರುಳಿಸಿಕೊಂಡು ಹತ್ತಿರ ಬಂದ. ಸಮಾಧಾನ ಹೇಳುತ್ತಾನೇನೋ ಎಂದರೆ ಬಗ್ಗಿ, ಮೂಗನ್ನು ಸದೋಕ್‌ನ ಮೊಣಕಾಲಿಗೆ ಹಿಡಿದು, ಉಸಿರೆಳೆದ.

"ಲೇ, ನಿನ್ನ ಕಾಲಿಗೆ ಒಂದು ಈರುಳ್ಳಿ, ಒಂದು ಟೊಮ್ಯಾಟೊ ಹೆಚ್ಚಿ ಹಾಕಿದ್ರೆ ಊಟಕ್ಕೆ ಕೂರಬಹುದು ಕಣೋ!"

"ಸುಮ್ನಿರು," ಎಂದ ಸದೋಕ್.

"ಯಾಕೆ ಸುಮ್ನಿರ್ಲಿ? ಇಲ್ಲಿ ದಿನಾ ನಿನ್ನ ಪಕ್ಕ ಕೂರೋನು ನಾನು. ಬಂದು ಕೂತ ಕೂಡ್ಲೇ ನನ್ನ ಹೊಟ್ಟೆ ಯಾಕೆ ಹಸಿಯುತ್ತೆ ಅಂತ ಈಗ ಗೊತ್ತಾಯ್ತು." ಅವನು ರಾವಿಯಾಳ ಕಡೆ ತಿರುಗಿದ. "ಇದು ಎಣ್ಣೆ ಕಣಮ್ಮಾ. ಒಳ್ಳೇ ಎಣ್ಣೆ. ಸೈಕಲ್ ನನಗೆ ಬೇಕು, ಆದ್ರೆ ಎಣ್ಣೆ ಮೇಲೆ ಜಾರಿ ಬಿದ್ದೋನ ಸೈಕಲ್ ಬೇಡ."

ರಾವಿಯಾ ಬೆರಳಿನಿಂದ ಅವನ ತೊಡೆ ಮುಟ್ಟಿ, ಬೆರಳನ್ನು ಬೆರಳಿಗೆ ಉಜ್ಜಿ ನೋಡಿದಳು. "ಏನು ಹಚ್ತೀರಾ?"

ಏನೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲು ಅರ್ಧ ತೆರೆದಿತ್ತು. ಬೆಂಚಿನ ಮೇಲಿದ್ದ ಕಪ್ಪು ಚೀಲ ಕಾಣುತ್ತಿತ್ತು, ಚೀಲದ ಮೇಲೆ ಅಮ್ಮನ ಕೈ ಕಾಣುತ್ತಿತ್ತು, ಬೆರಳ ಗಿಣ್ಣುಗಳು ಎಣ್ಣೆಗೆ ಮೆತ್ತಗಾದ ಕೈ. ಕೋಣೆಯಲ್ಲಿ ಮಿಕ್ಕವರೂ ಇದ್ದರು, ಎಲ್ಲರೂ ಗಂಡಸರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಹೇಳಿದರೆ ಇವರೆದುರು ತಾನು ಎಣ್ಣೆ ಹಚ್ಚಿಸಿಕೊಳ್ಳುವ ಕೂಸು; ಹೇಳದಿದ್ದರೆ ಅಮ್ಮ ಬದುಕಿರುವಷ್ಟು ದಿನವೂ ಕೂಸೇ. ಹೀಗೆ ಅವನು ಯೋಚಿಸಲಿಲ್ಲ, ಯೋಚಿಸುವಷ್ಟು ಹೊತ್ತಿರಲಿಲ್ಲ. ಮಾತು ತಾನಾಗಿ ಬಂತು, ಬೇಕಾದ್ದಕ್ಕಿಂತ ಗಟ್ಟಿಯಾಗಿ.

"ನಮ್ಮಮ್ಮ ಹಚ್ತಾಳೆ. ದಿನಾ ಬೆಳಿಗ್ಗೆ. ನಾನು ಬೇಡ ಅನ್ಲಿಲ್ಲ."

ಯಾರೂ ನಗಲಿಲ್ಲ. "ಭಾಗ್ಯ ಬಂದಾಗ ಕಣ್ಣು ಮುಚ್ಕೊಂಡ್ರಂತೆ," ಎಂದು ಗೊಣಗಿದ ಮೊಂಜಿ, "ಸೈಕಲ್ಲು ಬಾಗಿಲಿಗೆ ಬಂದಾಗ ಇವನು ಬಾಯಿ ಮುಚ್ಕೊಂಡು ಕೂತಿದ್ದ ನೋಡಿ."

ಮಬ್ರೂಕಾ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ; ಕೈಯಲ್ಲಿದ್ದ ಪಾತ್ರೆ ತನಗೆ ಗೊತ್ತಿಲ್ಲದೆ ಸೋರುತ್ತಿತ್ತೆಂದು ಈಗ ಕಂಡವಳ ಮುಖ.

"ನನ್ನ ಎಣ್ಣೆಯಿಂದ ಕರೆಂಟು ಹೋಗ್ತಿರ್ಲಿಲ್ವಾ?"

"ಪೂರ್ತಿ ಹೋಗ್ತಿರ್ಲಿಲ್ಲ ಖಾಲ್ತಿ," ಎಂದಳು ರಾವಿಯಾ. ಆ ಊರಿನಲ್ಲಿ ಕಂಡ ಹಿರಿಯ ಹೆಂಗಸರೆಲ್ಲ ಚಿಕ್ಕಮ್ಮಂದಿರು, ಖಾಲ್ತಿಯರು. "ಆದ್ರೆ ಒಂದು ಮಾತು. ಅರ್ಧಂಬರ್ಧ ಕರೆಂಟಿಗೇ ಈ ಕಾಲು ಇಷ್ಟು ತುಳಿದಿದೆ. ಪೂರ್ತಿ ಹೋದ್ರೆ ಏನಾಗುತ್ತೋ ನಂಗೂ ಗೊತ್ತಿಲ್ಲ."

"ನಿಂಗೆ ಗೊತ್ತಿತ್ತಾ?" ಎಂದು ಅಮ್ಮ ಮಗನನ್ನು ಕೇಳಿದಳು.

"ಗೊತ್ತಿತ್ತು."

ಅವಳು ತೋಳು ಮೇಲೆ ಸರಿಸಿಕೊಂಡು, "ಬಿಸಿನೀರು ಕೊಡಿ. ಹಸಿರು ಸಾಬೂನು ಇದ್ಯಾ?" ಎಂದಳು. ಬಟ್ಟೆ ಒಗೆಯುವಲ್ಲಿಂದ ಒಂದು ದಪ್ಪ ಗಟ್ಟಿ ಬಂತು. ಅವಳು ನೆಲದ ಮೇಲೆ ಕೂತಳು. ಎಲ್ಲರೆದುರು, ಬಾಗಿಲು ಮುಚ್ಚದೆ, ಮಗನ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ಇಷ್ಟು ಕಾಲ ತುಂಬಿದ್ದನ್ನು ಅದೇ ಕೈಯಿಂದ ತೆಗೆಯುತ್ತಿದ್ದಳು, ನೊರೆ ಮೊಣಕೈವರೆಗೆ ಏರಿತ್ತು. ಸದೋಕ್ ಈ ಸಲ ಕಣ್ಣು ಮುಚ್ಚಲಿಲ್ಲ. ಅವಳ ನೆತ್ತಿಯ ಮೇಲೆ ಬಟ್ಟೆ ಸರಿದಲ್ಲಿ ಕಂಡ ಬಿಳಿ ಕೂದಲನ್ನು, ತಿಕ್ಕುವ ರಭಸಕ್ಕೆ ಅಲುಗುವ ತನ್ನ ಕಾಲಿನ ಬೆರಳುಗಳನ್ನು ನೋಡುತ್ತ ಕುಳಿತ. ನಾಚಿಕೆಯನ್ನು ಹುಡುಕಿದ, ಸಿಗಲಿಲ್ಲ. ಹೇಳುವ ಮುಂಚೆ ಅಷ್ಟೊಂದು ಇತ್ತು, ಹೇಳಿದ ಮೇಲೆ ಎಲ್ಲಿ ಹೋಯಿತೋ ಕಾಣೆ.

"ಖಾಲ್ತಿ," ಎಂದ ಮೊಂಜಿ ಸಾಬೂನಿನ ಗಟ್ಟಿಯನ್ನು ಮೂಸಿ, "ಇದನ್ನ ಮಾಡೋದೂ ಆಲಿವ್ ಎಣ್ಣೆಯಿಂದಾನೇ. ಗೊತ್ತಾ?"

ಮಬ್ರೂಕಾಳ ಕೈ ನಿಂತಿತು. ಸಾಬೂನನ್ನು ತಿರುಗಿಸಿ ನೋಡಿದಳು. "ಹಾಗಾದ್ರೆ ನಾನು ಹೇಳಿದ್ದೇನೂ ಸುಳ್ಳಾಗ್ಲಿಲ್ಲ," ಎಂದಳು, ಬಂದಾಗಿನಿಂದ ಮೊದಲ ಸಲ ತುಸು ನಕ್ಕು. "ಬೀಳಿಸಿದವನೇ ಎತ್ತಬೇಕು. ಹಚ್ಚೋ ರೀತಿ ತಪ್ಪಿತ್ತು, ಅಷ್ಟೇ."

ತೊಳೆದು, ಒರೆಸಿ, ಮತ್ತೆ ತೊಳೆದು ಒಣಗಿಸಿದ ಕಾಲಿಗೆ ರಾವಿಯಾ ಪ್ಯಾಡು ಒತ್ತಿದಳು. ಪ್ಯಾಡು ಕಚ್ಚಿಕೊಂಡಿತು, ಎಳೆದು ನೋಡಿದರೆ ಚರ್ಮವೇ ಜೊತೆಗೆ ಎದ್ದುಬಂತು. ಸ್ವಲ್ಪ ಕರೆಂಟು ಬಿಟ್ಟಳು ಅಷ್ಟೆ. ಸದೋಕ್‌ನ ತೊಡೆಯ ಮೇಲೆ ಒಂದು ದಿಂಡು ಎದ್ದು ನಿಂತಿತು, ಮೂಳೆಯ ಬದಿಗೆ ಉದ್ದಕ್ಕೆ, ಗಟ್ಟಿಯಾಗಿ. ಏಣಿ ಹತ್ತುತ್ತಿದ್ದ ಕಾಲದ ಸ್ನಾಯು. ಅದನ್ನು ಅವನು ಮರೆತೇಬಿಟ್ಟಿದ್ದ. ಕೈಯಿಟ್ಟು ನೋಡಿದ, ಕೈಗೆ ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ, ಪರವಾಗಿಲ್ಲ, ಇಬ್ಬರಲ್ಲಿ ಒಬ್ಬನಿಗಾದರೂ ಗೊತ್ತಾಯಿತಲ್ಲ. ರಾವಿಯಾ ನಿಂತಲ್ಲೇ ತಿರುಗುವ ಸೈಕಲ್ಲನ್ನು ಒಮ್ಮೆ ನೋಡಿದಳು, ಕಿಟಕಿಯ ಆಚೆ ನೋಡಿದಳು. "ಇದರ ಸಹವಾಸ ಸಾಕು," ಎಂದಳು. "ನಡೀರಿ ಹೊರಗೆ."

ಕೆಂಪು ಸೈಕಲ್ಲಿನ ಸೀಟಿಗೆ ಅವನನ್ನು ಎತ್ತಿ ಕೂರಿಸಿ, ಪಾದಗಳನ್ನು ಪೆಡಲ್ಲಿಗೆ ಬಿಗಿದು, ಕರೆಂಟಿನ ಗುಂಡಿಯನ್ನು ಅವನ ಹೆಬ್ಬೆರಳಿನ ಕೆಳಗೆ ಕೊಟ್ಟರು. ಅಂಗಳದಲ್ಲಿ ಬಿಸಿಲಿತ್ತು, ಬಂದರಿನ ಕಡೆಯಿಂದ ಉಪ್ಪಿನ ಗಾಳಿ. ಮಬ್ರೂಕಾ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಅದರ ಕೆಳಗೆ ನೋಡಿದಳು, ಹಿಂದಿನ ಚಕ್ರದ ಬದಿಗೆ ಕೈಯಾಡಿಸಿದಳು.

"ಏನು ಹುಡುಕ್ತೀಯಮ್ಮಾ?" ಎಂದ ಸದೋಕ್.

"ತಂತಿ. ಗೋಡೆಗೆ ಹೋಗೋ ತಂತಿ ಇಲ್ವಾ ಇದಕ್ಕೆ?"

"ಇಲ್ಲ ಖಾಲ್ತಿ," ಎಂದಳು ರಾವಿಯಾ. "ಈ ಬ್ಯಾಟರಿ ಕಾಲಿಗೆ. ಚಕ್ರಕ್ಕೆ ಅವರ ಕಾಲೇ."

"ಆವತ್ತು ತಂತಿ ಇತ್ತು," ಎಂದಳು ಮಬ್ರೂಕಾ.

ಸದೋಕ್‌ನ ಕಿವಿ ಬಿಸಿಯಾಯಿತು. ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ಅವನ ಕಡೆ ನೋಡದೆ ಹೇಳಿದಳು, "ಮದುವೆಯಾದಾಗಿಂದ ಹೊಲಿಗೆ ಮಷೀನು ತುಳಿದವಳು ನಾನು. ಆಮೇಲೆ ಮೋಟಾರಿಂದೂ ಓಡಿಸಿದೀನಿ. ಮೋಟಾರು ತಿರುಗ್ಸೋ ಚಕ್ರ ಒಂದೇ ಸಮ ಓಡುತ್ತೆ. ಕಾಲು ತಿರುಗ್ಸೋದು ಮೇಲ್ಗಡೆ ಬಂದಾಗ ಒಂದು ಗಳಿಗೆ ತಡವರಿಸುತ್ತೆ, ಹೋಗ್ಲಾ ಬೇಡ್ವಾ ಅಂತ. ಆವತ್ತು ತಡವರಿಸ್ಲೇ ಇಲ್ಲ."

"ಮತ್ತೆ ಯಾಕಮ್ಮಾ ಕೂಗು ಹಾಕ್ದೆ? ಊರಿಗೆಲ್ಲ ಮಕ್ರೂಡ್ ಹಂಚ್ದೆ?"

"ನೀನು ನನ್ನ ಮುಖ ನೋಡ್ತಾ ಇದ್ಯಲ್ಲೋ," ಎಂದಳು ಅವಳು.

ಅವಳಿಗಾಗಿ ಅವನು ಎಣ್ಣೆಯನ್ನು ಮುಚ್ಚಿಟ್ಟಿದ್ದ, ಅವನಿಗಾಗಿ ಅವಳು ಮೋಟಾರನ್ನು ಮುಚ್ಚಿಟ್ಟಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಕಳ್ಳರು, ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದವರು. ಗಂಟಲಿನ ಮಕ್ರೂಡ್ ಅಷ್ಟು ದಿನದ ಮೇಲೆ ಕೆಳಗಿಳಿಯಿತು. ಅವನು ಹೆಬ್ಬೆರಳಿನಿಂದ ಗುಂಡಿ ಒತ್ತಿದ.

ಬಲಗಡೆಯವನು ಮೊದಲು ಎದ್ದ. ತೊಡೆಯ ದಿಂಡು ಬಿಗಿಯಿತು, ಮೊಣಕಾಲು ನೀಡಿಕೊಂಡಿತು, ಪೆಡಲ್ಲು ಕೆಳಕ್ಕೆ ಹೋಗಿ ಎಡಗಡೆಯದನ್ನು ಮೇಲಕ್ಕೆ ತಂದಿತು. ಮೇಲೆ ಬಂದದ್ದು ಅಲ್ಲೇ ನಿಂತಿತು. ಸೈಕಲ್ಲೂ ನಿಂತಿತು, ಅಂಗಳವೂ ನಿಂತಿತು. ಹೋಗಲಾ, ಬೇಡವಾ. ಸದೋಕ್ ಹೆಬ್ಬೆರಳನ್ನು ಇನ್ನಷ್ಟು ಒತ್ತಿದ. ಎಡಗಡೆಯವನು ನಡುಗಿದ, ಬಿಗಿದ, ತುಳಿದ. ಚಕ್ರ ಉರುಳಿತು. ಮತ್ತೆ ತಡವರಿಸಿತು, ಮತ್ತೆ ಉರುಳಿತು. ಆ ತಡವರಿಕೆಯನ್ನು ಕೇಳಿಸಿಕೊಂಡ ಮಬ್ರೂಕಾ ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ನಿಂತೇ ಇದ್ದಳು. "ಇದು ಕಾಲು," ಎಂದಳು ಮೊದಲು ಮೆತ್ತಗೆ. "ಇದು ಕಾಲು! ಕಾಲು ಕಣ್ರೋ ಇದು!" ಆಮೇಲೆ ಅವಳ ಗಂಟಲಿನಿಂದ ಹೊರಟ ಕೂಗಿಗೆ ಒಗೆಯುವವರು, ಅಡುಗೆಯವರು, ಕಾವಲಿನವನು ಎಲ್ಲರೂ ಅಂಗಳಕ್ಕೆ ಓಡಿಬಂದರು. ಆವತ್ತಿನ ಕೂಗು ಇದರ ಮುಂದೆ ಏನೂ ಅಲ್ಲ. ಮೊಂಜಿ ತನ್ನ ಕುರ್ಚಿಯ ಚಕ್ರಗಳನ್ನು ಗುದ್ದುತ್ತ, "ಗೇರ್ ಹಾಕೋ! ಗೇರ್ ಹಾಕೋ!" ಎಂದು ಕಿರುಚುತ್ತಿದ್ದ, ಅವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಸದೋಕ್ ಅಂಗಳದ ಕೊನೆ ಮುಟ್ಟಿ, ಹಿಡಿ ತಿರುಗಿಸಿ, ಗೋಡೆಯ ಉದ್ದಕ್ಕೂ ಬಂದ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಈ ಗಾಳಿಯನ್ನು ಹುಟ್ಟಿಸುತ್ತಿರುವುದು ತನ್ನ ಕಾಲು. ಏನೂ ಗೊತ್ತಾಗದ, ಮೇಲಿನವನ ಮಾತು ಕೇಳದ, ಸಾಬೂನಿನ ವಾಸನೆಯ ಕಾಲು. ನೋಡದಿದ್ದರೂ ಈಗ ಅದು ಇತ್ತು. ಬಾಗಿಲ ಬಳಿ ತಿರುವಿನಲ್ಲಿ, ಅವನನ್ನು ಎತ್ತಿಕೊಂಡ ಮೇಲೆ ಸರಿಯಾಗಿ ದಾರಿಯ ನಡುವೆ ಬಿಟ್ಟಿದ್ದ ಅವನದೇ ಗಾಲಿಕುರ್ಚಿಯಲ್ಲಿ ಯಾರೋ ಕೂತಿದ್ದರು. ಕೂಗಿ ಕೂಗಿ ಸುಸ್ತಾಗಿ, ಕೈಗೆ ಸಿಕ್ಕಿದ ಕುರ್ಚಿಯಲ್ಲಿ ಅಮ್ಮ ಕುಸಿದು ಕೂತಿದ್ದಳು, ಕಪ್ಪು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಗ ಬರುವುದನ್ನೇ ನೋಡುತ್ತ. ಸದೋಕ್ ಹೆಬ್ಬೆರಳು ಸಡಿಲಿಸಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡ, ಹಳೇಪೇಟೆಯ ಸಂದಿಗಳೆಲ್ಲ ಒಮ್ಮೆಗೆ ತೆರೆದುಕೊಳ್ಳುವಂತೆ ಕೂಗಿದ:

"ಬಾಲೆಕ್! ಬಾಲೆಕ್! ದಾರಿ ಬಿಡಮ್ಮಾ, ದಾರಿ ಬಿಡು!"

ಮಬ್ರೂಕಾ ಗಾಬರಿಯಿಂದ ಎರಡೂ ಕೈಯಲ್ಲಿ ಚಕ್ರ ಹಿಡಿದು, ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿಕೊಂಡಳು.